ವೆಲೆನ್‌ಬರ್ಗ್ ಜನಮತಗಣನೆಗಳು

ವೆಲೆನ್‌ಬರ್ಗ್ ಜನಮತಗಣನೆಗಳು ಸ್ವಿಟ್ಜರ್ಲೆಂಡ್‌ನ ನಿಡ್ವಾಲ್ಡೆನ್ ಕ್ಯಾಂಟನ್‌ನಲ್ಲಿ 1995 ಮತ್ತು 2002ರಲ್ಲಿ ನಡೆದ ಎರಡು ಮತದಾನಗಳು. ವೋಲ್ಫೆನ್‌ಶೀಸೆನ್ ಗ್ರಾಮದ ಸಮೀಪದ ವೆಲೆನ್‌ಬರ್ಗ್ ಬೆಟ್ಟದೊಳಗೆ ವಿಕಿರಣಶೀಲ ತ್ಯಾಜ್ಯವನ್ನು ಶಾಶ್ವತವಾಗಿ ಇರಿಸುವ ಯೋಜನೆಯನ್ನು ಮತದಾರರು ಎರಡು ಬಾರಿಯೂ ತಿರಸ್ಕರಿಸಿದರು.

ಹಿನ್ನೆಲೆ

ಪರಮಾಣು ತ್ಯಾಜ್ಯದ ವಿಲೇವಾರಿಗಾಗಿ 1972ರಲ್ಲಿ ಸ್ಥಾಪಿತವಾದ ನಾಗ್ರಾ ಸಂಸ್ಥೆಯು ಕೆಳ ಮತ್ತು ಮಧ್ಯಮ ಮಟ್ಟದ ತ್ಯಾಜ್ಯಕ್ಕಾಗಿ 1993ರಲ್ಲಿ ಈ ಬೆಟ್ಟವನ್ನು ಆರಿಸಿತು. ಇಲ್ಲಿನ ಮಾರ್ಲ್ ಶಿಲೆಯು ನೀರನ್ನು ಸುಲಭವಾಗಿ ಹರಿಯಗೊಡದಿರುವುದು ಆಯ್ಕೆಗೆ ಕಾರಣವಾಗಿತ್ತು. ನಿಡ್ವಾಲ್ಡೆನ್‌ನಲ್ಲಿ ಪರಮಾಣು ವಿದ್ಯುತ್ ಸ್ಥಾವರವಿಲ್ಲ. ಆದರೆ ಭೂಗರ್ಭದ ಬಳಕೆಗೆ ಕ್ಯಾಂಟನ್‌ನ ಪರವಾನಗಿಯೂ ಅದಕ್ಕೆ ಮತದಾರರ ಸಮ್ಮತಿಯೂ ಅಗತ್ಯವಾಗಿದ್ದವು.

ಮತದಾನಗಳು

1995ರ ಜೂನ್ 25ರಂದು ಶೇ. 52ರಷ್ಟು ಮತಗಳು ಪರವಾನಗಿಯ ವಿರುದ್ಧ ಬಂದವು. ಶೋಧನೆ ಹಾಗೂ ನಿರ್ಮಾಣ ಎರಡಕ್ಕೂ ಒಮ್ಮೆಗೇ ಒಪ್ಪಿಗೆ ಕೇಳಿದ್ದು, ಒಳಗಿರಿಸಿದ ತ್ಯಾಜ್ಯವನ್ನು ಮುಂದೆ ಪರಿಶೀಲಿಸಲು ಅಥವಾ ಹಿಂಪಡೆಯಲು ಸಾಕಷ್ಟು ಅವಕಾಶವಿಲ್ಲದಿದ್ದುದು ಪ್ರಮುಖ ಆಕ್ಷೇಪಗಳಾಗಿದ್ದವು. ಬಳಿಕ ಯೋಜನೆಯನ್ನು ಬದಲಿಸಿ, ಮೊದಲ ಹಂತದಲ್ಲಿ ಪರಿಶೋಧನಾ ಸುರಂಗಕ್ಕೆ ಮಾತ್ರ ಅನುಮತಿ ಕೋರಲಾಯಿತು. 2002ರ ಸೆಪ್ಟೆಂಬರ್ 22ರಂದು ಅದನ್ನೂ ಶೇ. 57.5ರಷ್ಟು ಮತಗಳಿಂದ ನಿರಾಕರಿಸಲಾಯಿತು. ಇದರೊಂದಿಗೆ ಯೋಜನೆ ಕೈಬಿಟ್ಟಿತು.

ಪರಿಣಾಮಗಳು

2003ರಲ್ಲಿ ಅಂಗೀಕೃತವಾಗಿ 2005ರಲ್ಲಿ ಜಾರಿಗೆ ಬಂದ ಪರಮಾಣು ಶಕ್ತಿ ಕಾಯಿದೆಯು ಕ್ಯಾಂಟನ್‌ಗಳ ಈ ನಿಷೇಧಾಧಿಕಾರವನ್ನು ತೆಗೆದುಹಾಕಿತು. ಹೊಸ ಕಾಯಿದೆಯಂತೆ ಸಾಮಾನ್ಯ ಪರವಾನಗಿಯನ್ನು ಒಕ್ಕೂಟ ಸರ್ಕಾರ ನೀಡುತ್ತದೆ, ಸಂಸತ್ತು ಅನುಮೋದಿಸುತ್ತದೆ. ಸಾಕಷ್ಟು ಸಹಿಗಳು ಸಂಗ್ರಹವಾದರೆ ಇಡೀ ದೇಶದ ಜನಮತಗಣನೆ ನಡೆಯುತ್ತದೆ. ಸ್ಥಳೀಯರಿಗೆ ಸಮಾಲೋಚನೆಯಲ್ಲಿ ಪಾಲುಗೊಳ್ಳುವ ಅವಕಾಶವಿದೆಯಾದರೂ ಯೋಜನೆಯನ್ನು ತಡೆಯುವ ಹಕ್ಕಿಲ್ಲ.

2008ರಲ್ಲಿ ಹೊಸದಾಗಿ ಪ್ರಕಟವಾದ ಆರು ಸಂಭಾವ್ಯ ಪ್ರದೇಶಗಳ ಪಟ್ಟಿಯಲ್ಲಿ ವೆಲೆನ್‌ಬರ್ಗ್ ಮತ್ತೆ ಸೇರಿತ್ತು. 2018ರಲ್ಲಿ ಒಕ್ಕೂಟ ಸರ್ಕಾರವು ಪಟ್ಟಿಯನ್ನು ಮೂರು ಪ್ರದೇಶಗಳಿಗೆ ಇಳಿಸಿದಾಗ ಅದು ಹೊರಗುಳಿಯಿತು. 2022ರಲ್ಲಿ ನಾಗ್ರಾ ಉತ್ತರ ಸ್ವಿಟ್ಜರ್ಲೆಂಡ್‌ನ ನೋರ್ಡ್ಲಿಖ್ ಲೇಗೆರ್ನ್ ಪ್ರದೇಶವನ್ನು ಸೂಚಿಸಿ, 2024ರ ನವೆಂಬರ್‌ನಲ್ಲಿ ಪರವಾನಗಿಗೆ ಅರ್ಜಿ ಸಲ್ಲಿಸಿತು.

ಮಹತ್ವ

ಇಡೀ ದೇಶ ಬಳಸಿದ ವಿದ್ಯುತ್ತಿನ ತ್ಯಾಜ್ಯದ ಹೊರೆಯನ್ನು ಒಂದು ಸಣ್ಣ ಪ್ರದೇಶ ಹೊರಬೇಕಾದಾಗ ಅಂತಿಮ ನಿರ್ಧಾರ ಯಾರದೆಂಬ ಪ್ರಶ್ನೆಗೆ ವೆಲೆನ್‌ಬರ್ಗ್ ಪ್ರಮುಖ ಉದಾಹರಣೆಯಾಗಿದೆ. 1995 ಮತ್ತು 2002ರಲ್ಲಿ ಆ ಅಧಿಕಾರ ಬೆಟ್ಟದ ಸುತ್ತಲಿನ ಕ್ಯಾಂಟನ್‌ನ ಮತದಾರರಲ್ಲಿತ್ತು. ಹೊಸ ಕಾಯಿದೆಯಡಿ ಅದು ಇಡೀ ದೇಶಕ್ಕೆ ಸೇರಿದ್ದು, ತ್ಯಾಜ್ಯವನ್ನು ಭೂಮಿಯಡಿ ಇರಿಸಬೇಕಾದ ಪ್ರದೇಶದ ಮತಗಳು ಅದರಲ್ಲಿ ಅಲ್ಪಸಂಖ್ಯೆಯವಾಗುತ್ತವೆ.