ಗ್ರಂಥಭಂಡಾರದ ಎರಡನೆಯ ಬಾಗಿಲು: ಹಸ್ತಪ್ರತಿ ಜಾಲತಾಣಗಳಿಗೆ ಎ.ಪಿ.ಐ. ಕೂಡಿಕೊಂಡ ಬಗೆ

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದುದು ವಾಚಕರಿಗೆ ವಿದಿತವೇ ಇದೆ. ಯಾವ ಗ್ರಂಥದ ಪ್ರತಿ ಯಾವ ಭಂಡಾರದಲ್ಲಿದೆ ಎಂಬುದನ್ನು ಸೂಚಿಯು ತಿಳಿಸುತ್ತದೆ. ಆದರೆ ಓಲೆಯನ್ನು ಕಾಣಬೇಕಾದರೆ ಭಂಡಾರದ ಬಾಗಿಲಿಗೇ ಹೋಗಬೇಕು. 1990ರ ದಶಕದಿಂದ ಪಾಶ್ಚಾತ್ಯ ಗ್ರಂಥಾಲಯಗಳು ತಮ್ಮ ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿ ಇಡತೊಡಗಿದಾಗ ಈ ತೊಡಕು ನೀಗಿತೆಂದೇ ಹಲವರು ಭಾವಿಸಿದರು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ‘ಗಾಲ್ಲಿಕಾ’ ಜಾಲತಾಣವು 1997ರಲ್ಲಿ ಆರಂಭವಾಯಿತು. ಇತರ ಗ್ರಂಥಾಲಯಗಳೂ ಅದೇ ದಾರಿಯನ್ನು ಹಿಡಿದವು.

ತೊಡಕು ನೀಗಲಿಲ್ಲ, ರೂಪವನ್ನು ಬದಲಿಸಿತು. ಪ್ರತಿಯೊಂದು ಗ್ರಂಥಾಲಯವೂ ತನ್ನದೇ ಆದ ಪುಟವಿನ್ಯಾಸವನ್ನೂ ವೀಕ್ಷಣಯಂತ್ರವನ್ನೂ ಕಟ್ಟಿಕೊಂಡಿತು. ಆ ಪುಟಗಳು ಮನುಷ್ಯನ ಕಣ್ಣಿಗಾಗಿ ರಚಿತವಾದವು. ಒಂದೇ ಕೃತಿಯ ಎರಡು ಪ್ರತಿಗಳು ಎರಡು ಊರುಗಳಲ್ಲಿದ್ದರೆ ಅವನ್ನು ಅಕ್ಕಪಕ್ಕ ಇಟ್ಟು ಪಾಠಾಂತರ ನೋಡುವ ಮಾರ್ಗವಿರಲಿಲ್ಲ. ಕೆಲವರು ಗಣಕಕ್ರಮದ ಮೂಲಕ ಪುಟದ ಒಡಲನ್ನು ಸೀಳಿ ಬೇಕಾದುದನ್ನು ಹೆಕ್ಕುತ್ತಿದ್ದರು. ಪುಟದ ವಿನ್ಯಾಸ ಬದಲಾದ ದಿನ ಆ ಶ್ರಮವೆಲ್ಲ ವ್ಯರ್ಥ. ಈ ಲೇಖಕನೂ ಒಂದು ಪ್ರಾಕೃತ ಕೃತಿಯ ಪಾಠಶೋಧನೆಗಾಗಿ ಒಂದು ವಿದೇಶೀ ಗ್ರಂಥಾಲಯದ ಪತ್ರಗಳ ವಿಳಾಸಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದನು. ಜಾಲತಾಣ ಹೊಸದಾದೊಡನೆ ಅವುಗಳಲ್ಲಿ ಒಂದೂ ಉಳಿಯಲಿಲ್ಲ. ಎರಡು ತಿಂಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಇದಕ್ಕೆ ಕಂಡುಕೊಂಡ ಪರಿಹಾರವೇ ಎ.ಪಿ.ಐ. ಎಂಬ ಏರ್ಪಾಡು. ಈಗಾಗಲೇ ಇರುವ ಜಾಲತಾಣವನ್ನು ಕೆಡವದೆ, ಅದರ ದತ್ತಸಂಚಯಕ್ಕೆ ಮತ್ತೊಂದು ಬಾಗಿಲನ್ನು ತೆರೆಯುವುದು. ಆ ಬಾಗಿಲಲ್ಲಿ ಮನುಷ್ಯನ ಬದಲು ಮತ್ತೊಂದು ಯಂತ್ರವು ಗೊತ್ತಾದ ಭಾಷೆಯಲ್ಲಿ ಕೇಳುವುದು, ಗೊತ್ತಾದ ರೂಪದಲ್ಲಿ ಉತ್ತರ ಪಡೆಯುವುದು. ಮುಂಬಾಗಿಲ ಶೃಂಗಾರ ಎಷ್ಟು ಬದಲಾದರೂ ಈ ಬಾಗಿಲಿನ ಮಾತುಕತೆ ಬದಲಾಗಬಾರದೆಂಬುದೇ ಇದರ ಮುಖ್ಯ ಕರಾರು.

ಗ್ರಂಥಾಲಯಗಳಲ್ಲಿ ಇದರ ಬಹುಮುಖ್ಯವಾದ ಮೊದಲ ಹೆಜ್ಜೆ 1999ರ ಅಕ್ಟೋಬರಿನಲ್ಲಿ ಅಮೆರಿಕೆಯ ಸಾಂತಾ ಫೆ ನಗರದಲ್ಲಿ ನಡೆದ ಸಭೆ. ಪಾಲ್ ಗಿನ್ಸ್‌ಪಾರ್ಗ್, ರಿಕ್ ಲೂಸ್, ಹರ್ಬರ್ಟ್ ವಾನ್ ದ ಸೊಂಪೆಲ್ ಅದರ ಪ್ರವರ್ತಕರು. ಅಲ್ಲಿಂದ ಹುಟ್ಟಿದ ಓ.ಎ.ಐ. ನಿಯಮಾವಳಿಯ ಮೊದಲ ಆವೃತ್ತಿ 2001ರ ಜನವರಿಯಲ್ಲಿಯೂ ಎರಡನೆಯದು 2002ರ ಜೂನ್‌ನಲ್ಲಿಯೂ ಹೊರಬಂದವು. ಇದರಲ್ಲಿ ಕೇಳಬಹುದಾದ ಪ್ರಶ್ನೆಗಳು ಆರೇ: ನೀನು ಯಾರು, ಯಾವ ರೂಪಗಳಲ್ಲಿ ವಿವರ ಕೊಡಬಲ್ಲೆ, ಯಾವ ವಿಭಾಗಗಳಿವೆ, ಕ್ರಮಾಂಕಗಳ ಪಟ್ಟಿ ಕೊಡು, ವಿವರಗಳ ಪಟ್ಟಿ ಕೊಡು, ಈ ಒಂದರ ವಿವರ ಕೊಡು. ಪಟ್ಟಿ ಉದ್ದವಾದರೆ ಒಂದು ಭಾಗವನ್ನು ಕಳುಹಿಸಿ, ಮುಂದಿನದಕ್ಕೆ ಒಂದು ಚೀಟಿಯನ್ನು ಕೊಡಲಾಗುತ್ತದೆ. ಇಷ್ಟು ಅಲ್ಪವಾದುದರಿಂದಲೇ ಹಳೆಯ ತಾಣಗಳಿಗೆ ಇದನ್ನು ಸುಲಭವಾಗಿ ಕೂಡಿಸಲು ಸಾಧ್ಯವಾಯಿತು.

ಆದರೆ ಅಲ್ಪತೆಯಲ್ಲಿ ಒಂದು ದೋಷವೂ ಇದೆ. ಎಲ್ಲರೂ ಕೊಡಲೇಬೇಕಾದ ರೂಪವೆಂದರೆ ‘ಡಬ್ಲಿನ್ ಕೋರ್’ ಎಂಬ ಹದಿನೈದು ಅಂಶಗಳ ಪಟ್ಟಿ. ಅದರಲ್ಲಿ ಕರ್ತೃವಿಗೆ ಒಂದು ಮನೆ, ಸಹಾಯಕರಿಗೆಲ್ಲ ಸೇರಿ ಒಂದು ಮನೆ. ನಮ್ಮ ಹಸ್ತಪ್ರತಿಗಳಲ್ಲಿ ಮೂಲಕಾರ, ಟೀಕಾಕಾರ, ಲಿಪಿಕಾರ, ಶಾಸ್ತ್ರದಾನ ಮಾಡಿಸಿದ ಶ್ರಾವಕ ಅಥವಾ ಶ್ರಾವಿಕೆ, ಯಾವ ಮುನಿಗಳಿಗೆ ಪ್ರತಿಯನ್ನು ಅರ್ಪಿಸಲಾಯಿತೋ ಅವರು, ಹೀಗೆ ಪ್ರಶಸ್ತಿಯಲ್ಲಿ ಐದಾರು ಹೆಸರುಗಳು ಬರುತ್ತವೆ. ಆ ಹದಿನೈದು ಮನೆಗಳಲ್ಲಿ ದಾನಿಯೂ ಲಿಪಿಕಾರನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇನ್ನೂ ವಿಸ್ತಾರವಾದ ರೂಪವನ್ನು ಜೊತೆಗೆ ಕೊಡಲು ನಿಯಮವು ಅಡ್ಡಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಕೊಡುವ ಶ್ರದ್ಧೆ ಎಲ್ಲ ಕಡೆಯೂ ಇರಲಿಲ್ಲ, ಅಷ್ಟೆ.

ಓ.ಎ.ಐ. ಸೂಚಿಯ ಬಾಗಿಲು, ಓಲೆಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಅದನ್ನು ತೆರೆದುದು 2011ರಲ್ಲಿ ಸ್ಟ್ಯಾನ್‌ಫರ್ಡ್, ಬ್ರಿಟಿಷ್ ಲೈಬ್ರರಿ, ಆಕ್ಸ್‌ಫರ್ಡಿನ ಬಾಡ್ಲಿಯನ್ ಮುಂತಾದ ಗ್ರಂಥಾಲಯಗಳು ಕೂಡಿ ಆರಂಭಿಸಿದ ಐ.ಐ.ಐ.ಎಫ್. ಎಂಬ ಚೌಕಟ್ಟು. ಇದರ ಚಿತ್ರ ಎ.ಪಿ.ಐ.ಯ ಮೊದಲ ಆವೃತ್ತಿ 2012ರಲ್ಲಿ ಹೊರಬಿತ್ತು. ಇಲ್ಲಿ ಕೇಳಿಕೆಯೆಲ್ಲವೂ ಒಂದು ವಿಳಾಸದಲ್ಲಿಯೇ ಅಡಗಿದೆ: ಚಿತ್ರದ ಗುರುತು, ಅದರಲ್ಲಿ ಬೇಕಾದ ಭಾಗ, ಅಳತೆ, ಎಷ್ಟು ಅಂಶ ತಿರುಗಿಸಬೇಕು, ಬಣ್ಣವೋ ಕಪ್ಪುಬಿಳುಪೋ, ಯಾವ ರೂಪ, ಈ ಕ್ರಮದಲ್ಲಿ. ಪತ್ರದ ಮೂರನೆಯ ಪಂಕ್ತಿಯಲ್ಲಿರುವ ಸಂದಿಗ್ಧ ಅಕ್ಷರವೊಂದನ್ನು ಮಾತ್ರ ದೊಡ್ಡದಾಗಿ ಕೇಳಬಹುದು. ಅದೇ ವಿಳಾಸವನ್ನು ಅಡಿಟಿಪ್ಪಣಿಯಲ್ಲಿ ಬರೆದರೆ ಮತ್ತೊಬ್ಬ ವಿದ್ವಾಂಸನು ಅದೇ ಅಕ್ಷರವನ್ನೇ ನೋಡಿ ನಮ್ಮ ಓದನ್ನು ಒಪ್ಪಬಹುದು, ಖಂಡಿಸಬಹುದು.

ಈ ಚೌಕಟ್ಟಿನ ಇನ್ನೊಂದು ಭಾಗ ಹಸ್ತಪ್ರತಿಶಾಸ್ತ್ರಕ್ಕೆ ಇನ್ನೂ ಹತ್ತಿರದ್ದು. ರಾಬರ್ಟ್ ಸ್ಯಾಂಡರ್‌ಸನ್, ಬೆಂಜಮಿನ್ ಆಲ್ಬ್ರಿಟನ್ ಮೊದಲಾದವರು, ಮೇಲೆ ಹೇಳಿದ ವಾನ್ ದ ಸೊಂಪೆಲ್ಲರೂ ಸೇರಿ, 2011ರಲ್ಲಿ ‘ಶೇರ್ಡ್ ಕ್ಯಾನ್ವಾಸ್’ ಎಂಬ ಮಾದರಿಯನ್ನು ಮಂಡಿಸಿದರು. ಅದರ ತಿರುಳು ಇಷ್ಟು: ಪತ್ರವೇ ಬೇರೆ, ಪತ್ರದ ಛಾಯಾಚಿತ್ರವೇ ಬೇರೆ. ಗ್ರಂಥದ ಪ್ರತಿಯೊಂದು ಮಗ್ಗುಲಿಗೂ ಒಂದು ಬರಿಯ ಹಲಗೆಯನ್ನು ಕಲ್ಪಿಸಿ, ದೊರೆತ ಚಿತ್ರಗಳನ್ನು ಅದರ ಮೇಲೆ ಅಂಟಿಸಲಾಗುತ್ತದೆ. ಪತ್ರವು ಲುಪ್ತವಾಗಿದ್ದರೆ ಹಲಗೆ ಬರಿದಾಗಿಯೇ ಉಳಿಯುತ್ತದೆ, ಆದರೆ ಕ್ರಮದಲ್ಲಿ ತನ್ನ ಸ್ಥಾನವನ್ನು ಬಿಡುವುದಿಲ್ಲ. ತ್ರುಟಿತವಾಗಿದ್ದರೆ ಎರಡು ಚೂರುಗಳನ್ನು ಎರಡು ಗ್ರಂಥಾಲಯಗಳಿಂದ ತಂದು ಒಂದೇ ಹಲಗೆಯ ಮೇಲೆ ಹೊಂದಿಸಬಹುದು. ಗ್ರಂಥಪಾತವನ್ನು ಚುಕ್ಕೆಗಳಿಂದ ತೋರಿಸುವ ಸಂಪಾದಕನ ಮನೋಧರ್ಮವೇ ಇಲ್ಲಿಯೂ ಇದೆ. ಗಣಕಶಾಸ್ತ್ರಜ್ಞರು ಇದನ್ನು ತಾವಾಗಿಯೇ ಕಂಡುಕೊಂಡರೆಂದು ನನಗೆ ತೋರುವುದಿಲ್ಲ. ಮಧ್ಯಯುಗದ ಹಸ್ತಪ್ರತಿಗಳಲ್ಲಿ ಪಳಗಿದ ಆಲ್ಬ್ರಿಟನ್ನರಂಥವರು ಜೊತೆಗಿದ್ದುದರ ಫಲವಿದು.

ಇದಕ್ಕೆ ಪ್ರಸಿದ್ಧ ನಿದರ್ಶನ ಫ್ರಾನ್ಸಿನ ಶಾತೋರೂ ನಗರದ ಗ್ರಂಥಾಲಯದಲ್ಲಿರುವ, ಸುಮಾರು 1460ರ ‘ಗ್ರಾಂದ್ ಕ್ರಾನಿಕ್ ದ ಫ್ರಾನ್ಸ್’ ಎಂಬ ಇತಿಹಾಸಗ್ರಂಥದ ಪ್ರತಿ. ಅದರೊಳಗಿನ ವರ್ಣಚಿತ್ರಗಳನ್ನು ಹಿಂದೆ ಯಾರೋ ಕತ್ತರಿಸಿ ತೆಗೆದಿದ್ದರು. ಅವುಗಳಲ್ಲಿ ಕೆಲವು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿವೆ. ‘ಬಿಬ್ಲಿಸಿಮಾ’ ಯೋಜನೆಯವರು ಎರಡೂ ಕಡೆಯ ಛಾಯಾಚಿತ್ರಗಳನ್ನು ತರಿಸಿ, ಪತ್ರದಲ್ಲಿನ ರಂಧ್ರದ ಜಾಗದಲ್ಲಿ ಚಿತ್ರವನ್ನು ಕೂಡಿಸಿ ತೋರಿಸಿದರು. ಕತ್ತರಿ ಬೇರ್ಪಡಿಸಿದ್ದು ತೆರೆಯ ಮೇಲೆ ಒಂದಾಯಿತು. ಮೂಲವಸ್ತುಗಳು ಇದ್ದಲ್ಲಿಂದ ಕದಲಲಿಲ್ಲ.

ಹಳೆಯ ತಾಣಗಳಿಗೆ ಇದನ್ನು ಕೂಡಿಸುವಾಗ ಎದುರಾದ ತೊಡಕುಗಳಲ್ಲಿ ಯಂತ್ರದವು ಸುಲಭ. ಒಂದು ತಾಣದ ಪುಟವು ಇನ್ನೊಂದು ತಾಣದಿಂದ ವಿವರ ತರಿಸುವುದನ್ನು ವೀಕ್ಷಕಯಂತ್ರ ತಡೆಯುತ್ತದೆ. ಕೊಡುವ ತಾಣವು ಅನುಮತಿಯ ಒಂದು ಸಾಲನ್ನು ಉತ್ತರದಲ್ಲಿ ಸೇರಿಸಿದರೆ ಸಾಕು. ಕಷ್ಟವಾದುದು ಪತ್ರಸಂಖ್ಯೆ. ಹಳೆಯ ದತ್ತಸಂಚಯಗಳಲ್ಲಿ ಚಿತ್ರಗಳಿಗೆ ಕಡತದ ಹೆಸರಷ್ಟೇ ಇದ್ದು, ಇದು ಎಷ್ಟನೆಯ ಪತ್ರದ ಯಾವ ಮಗ್ಗುಲು ಎಂಬುದು ದಾಖಲಾಗಿರದಿದ್ದರೆ, ಅದನ್ನು ಮನುಷ್ಯನೇ ಕುಳಿತು ತುಂಬಬೇಕು. ಕೇಂಬ್ರಿಡ್ಜಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಪಾರ್ಕರ್ ಗ್ರಂಥಾಲಯದ ತಾಣವು 2009ರಲ್ಲಿ ತೆರೆದಾಗ ಪೂರ್ಣ ಸೌಕರ್ಯಕ್ಕೆ ಚಂದಾ ಕೊಡಬೇಕಿತ್ತು. 2018ರ ಜನವರಿಯಲ್ಲಿ ಹೊಸ ರೂಪ ತಳೆದಾಗ ಈ ಬಾಗಿಲನ್ನೂ ತೆರೆದು ಎಲ್ಲರಿಗೂ ಮುಕ್ತವಾಯಿತು.

ಬಾಗಿಲು ತೆರೆದಿರುವುದು ಮನೆ ನಿಂತಿರುವವರೆಗೆ ಮಾತ್ರ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕವ್ಯವಸ್ಥೆಯ ಮೇಲೆ ದಾಳಿ ನಡೆದು, ಹಸ್ತಪ್ರತಿಗಳ ಛಾಯಾಚಿತ್ರಗಳು ಒಮ್ಮೆಲೇ ಕಾಣದಾದವು. ಆ ವಿಳಾಸಗಳನ್ನು ನಂಬಿ ಬೇರೆಯವರು ಕಟ್ಟಿದ್ದ ಪುಟಗಳೂ ಬರಿದಾದವು. ಮುಖ್ಯ ಗ್ರಂಥಸೂಚಿಯು 2024ರ ಜನವರಿಯಲ್ಲಿ ಹಿಂದಿರುಗಿತು. ಛಾಯಾಚಿತ್ರಗಳು ಆಮೇಲೆ ಹಂತಹಂತವಾಗಿ ಬರತೊಡಗಿದವು. ಅದೇ ಗ್ರಂಥಾಲಯದ ಜೈನ ಹಸ್ತಪ್ರತಿಗಳ ಮೂರು ಸಂಪುಟಗಳ ಸೂಚಿ 2006ರಲ್ಲಿ ಮುದ್ರಣವಾಗಿದ್ದುದರಿಂದ, ಆ ತಿಂಗಳುಗಳಲ್ಲಿಯೂ ಯಾವ ಪ್ರತಿಯ ಸಂಖ್ಯೆ ಯಾವುದೆಂದು ಹೇಳಲು ಸಾಧ್ಯವಿತ್ತು. ಜಾಲದ ವಿಳಾಸದೊಡನೆ ಪ್ರತಿಯ ಸಂಖ್ಯೆ, ಪತ್ರ, ಮಗ್ಗುಲು, ಪಂಕ್ತಿ ಇವನ್ನೂ ಅಡಿಟಿಪ್ಪಣಿಯಲ್ಲಿ ತಪ್ಪದೆ ಬರೆಯುವ ಪರಿಪಾಠವನ್ನು ಈ ಲೇಖಕನು ಅಂದಿನಿಂದ ಇಟ್ಟುಕೊಂಡಿದ್ದಾನೆ.