ಮಂದ್ರಸ್ವರಕ್ಕೊಂದು ಹೊಸ ಮೈಬಣ್ಣ

1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ತಯಾರಿಸಿದ ಬೇಸ್ ಗಿಟಾರು, ಆಳೆತ್ತರದ ಡಬಲ್ ಬೇಸಿನ ನಾಲ್ಕು ತಂತಿಗಳ ಮಂದ್ರಸ್ವರವನ್ನು ಹೆಗಲಿಗೇರಿಸಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿನ ಹಿರಿಮೆಯನ್ನು ಎತ್ತಿಹಿಡಿದೂ, ದೈವಾರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೆ ಅವಕಾಶವಿತ್ತಿತು. ಹೀಗೆಯೇ ಗಾಯನವೃಂದಕ್ಕೆಂದು ಅಗ್ಗದ ಬೇಸ್ ಗಿಟಾರೊಂದನ್ನು ತಂದು ಮನೆಯಲ್ಲಿಯೇ ತಿದ್ದಲು ತೊಡಗಿದೆವು.

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಸಂದುಗಳನ್ನು ಹುಣಸೆಬೀಜದ ಸರಿ ಬೆರೆಸಿದ ಲೇಪದಿಂದ ತುಂಬಿ, ಮೈ ನಯವಾದ ಬಳಿಕವೇ ಬಣ್ಣವಿಡುವರು. ಇದನ್ನು ಕಂಡೂ ನಾವು ಹಳೆಯ ಮೆರುಗಿನ ಮೇಲೆಯೇ ಬಳಿದೆವು, ತಿಂಗಳೊಳಗೆ ಹಕ್ಕಳೆಯೆದ್ದಿತು! ಮರಳುಕಾಗದದಿಂದ ಉಜ್ಜಿ, ತೆಳುವಾಗಿ ಹಲವು ಸಲ ಬಳಿದು ಒಣಗಿಸಬೇಕಾಯಿತು.

ಆದರೂ ಅಪಸ್ವರ ಹೋಗಲಿಲ್ಲ. ತಂತಿ ಬದಲಿಸಿ, ಕುದುರೆಯನ್ನು ತುಸು ಸರಿಸಿ, 12ನೆಯ ಮೆಟ್ಟಿಲಿನ ಸ್ವರವನ್ನು ಬಿಡಿತಂತಿಯ ಸ್ವರಕ್ಕೆ ಹೊಂದಿಸಿದಾಗಲೇ ಶ್ರುತಿ ಕೂಡಿತು.