ತರಂಗದ ಗಡಿ, ಪರವಾನಗಿಯ ಗಡಿ: ಮೊಬೈಲ್ ಪರಿಭಾಷೆಯ ಚರಿತ್ರೆ

2007ರಲ್ಲಿ ಕಾರವಾರದ ಮೊಬೈಲ್ ಚಂದಾದಾರರೊಬ್ಬರು ಮಾಜಾಳಿಯ ಗಡಿ ದಾಟಿ ಗೋವಾದ ಕಾಣಕೋಣಕ್ಕೆ ಹೋದರೆ, ತಮಗೆ ಬಂದ ಕರೆಗೂ ನಿಮಿಷಕ್ಕೆ 1 ರೂಪಾಯಿ 75 ಪೈಸೆಯವರೆಗೆ ತೆರಬೇಕಾಗಿತ್ತು. ಅದೇ ವರ್ಷ ಪಣಜಿಯ ಚಂದಾದಾರರು ಎಂಟುನೂರು ಕಿಲೋಮೀಟರಿಗೂ ಆಚೆಯ ನಾಗಪುರಕ್ಕೆ ಹೋಗಿ ಬಂದರೂ ಒಳಬರುವ ಕರೆಗೆ ಕಾಸು ಬಿಚ್ಚಬೇಕಿರಲಿಲ್ಲ. ಗೋವಾ ಮತ್ತು ನಾಗಪುರ ಎರಡೂ ಮಹಾರಾಷ್ಟ್ರ ಸರ್ಕಲ್‌ಗೆ ಸೇರಿದ್ದವು. ಕಾರವಾರ ಕರ್ನಾಟಕ ಸರ್ಕಲ್‌ನಲ್ಲಿತ್ತು. ಬಿಲ್ಲಿನಲ್ಲಿ ಈ ವ್ಯತ್ಯಾಸಕ್ಕೆ ಇದ್ದ ಹೆಸರು ‘ರೋಮಿಂಗ್’.

ಮೊಬೈಲಿಗೆ ಸಂಬಂಧಿಸಿದ ಪದಗಳೆಲ್ಲ ವಿಜ್ಞಾನದಿಂದಲೇ ಬಂದವು ಎಂದು ನಾವು ನಂಬಿಕೊಂಡಿದ್ದೇವೆ. ಅವುಗಳ ಚರಿತ್ರೆ ಬೇರೆಯೇ ಇದೆ. ಕೆಲವು ಪದಗಳು ರೇಡಿಯೊ ತರಂಗದ ಸ್ವಭಾವದಿಂದ ಹುಟ್ಟಿದವು, ಕೆಲವು ಮಾನಕ ಸಮಿತಿಗಳ ತೀರ್ಮಾನದಿಂದ, ಇನ್ನು ಕೆಲವು ಸರ್ಕಾರದ ಪರವಾನಗಿ ಪತ್ರದಿಂದ. ಈ ಮೂಲಗಳನ್ನು ಬಿಡಿಸಿ ನೋಡದ ಕಾರಣ, ಆಡಳಿತದ ನಿರ್ಧಾರಗಳನ್ನು ತಂತ್ರಜ್ಞಾನದ ಅನಿವಾರ್ಯತೆ ಎಂದು ಬಳಕೆದಾರರು ಬಹಳ ವರ್ಷ ಒಪ್ಪಿಕೊಂಡರು ಎಂಬುದು ಈ ಲೇಖನದ ವಾದ.

ಮೊದಲು ‘ಸೆಲ್’. ಇದು ನಿಜಕ್ಕೂ ತರಂಗದ ಅಭಾವದಿಂದ ಹುಟ್ಟಿದ ಪದ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1946ರ ಜೂನ್‌ನಲ್ಲಿ ಕಾರಿನಿಂದ ಮಾತಾಡುವ ದೂರವಾಣಿ ಸೇವೆ ಆರಂಭವಾಯಿತು. ಇಡೀ ನಗರಕ್ಕೆ ಬಲಶಾಲಿಯಾದ ಒಂದು ಪ್ರಸಾರಕ, ಬೆರಳೆಣಿಕೆಯ ಚಾನೆಲ್‌ಗಳು. ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡುತ್ತಿದ್ದರೆ ಊರಿನ ಮಿಕ್ಕವರು ಅದು ಬಿಡುವಾಗುವವರೆಗೆ ಕಾಯಬೇಕು. ಮರುವರ್ಷ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಡಿ.ಎಚ್. ರಿಂಗ್ ಆಂತರಿಕ ಟಿಪ್ಪಣಿಯೊಂದನ್ನು ಬರೆದರು. ಪ್ರದೇಶವನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಪ್ರತಿ ಭಾಗಕ್ಕೂ ಕಡಿಮೆ ಶಕ್ತಿಯ ಪ್ರಸಾರಕ ಇಟ್ಟು, ಒಂದೇ ಆವರ್ತನವನ್ನು ಸಾಕಷ್ಟು ದೂರದ ಇನ್ನೊಂದು ಭಾಗದಲ್ಲಿ ಮತ್ತೆ ಬಳಸಬಹುದು ಎಂಬುದು ಅದರ ತಿರುಳು. ಆ ಭಾಗವೇ ಸೆಲ್. ಆದರೆ ಚಲಿಸುವ ವಾಹನ ಒಂದು ಭಾಗದಿಂದ ಪಕ್ಕದ ಭಾಗಕ್ಕೆ ದಾಟುವಾಗ ಮಾತು ತುಂಡಾಗದಂತೆ ಕರೆಯನ್ನು ವರ್ಗಾಯಿಸುವುದು ಹೇಗೆ? ಅದೇ ಸಂಸ್ಥೆಯ ಏಮಸ್ ಜೋಯೆಲ್ ಅವರಿಗೆ ಇದರ ಪೇಟೆಂಟ್ ದೊರೆತದ್ದು 1972ರಲ್ಲಿ. ಇಂದು ‘ಹ್ಯಾಂಡಾಫ್’ ಎನ್ನುವುದು ಇದನ್ನೇ. ಟೋಕಿಯೊದಲ್ಲಿ 1979ರಲ್ಲಿ, ಶಿಕಾಗೋದಲ್ಲಿ 1983ರಲ್ಲಿ ಸೆಲ್ಯುಲರ್ ಸೇವೆ ವಾಣಿಜ್ಯವಾಗಿ ಬಳಕೆಗೆ ಬಂತು.

ಸೆಲ್ ಎಂಬ ಕಲ್ಪನೆಯ ಬೆಲೆ ತಿಳಿಯಲು ನಮ್ಮ ರಾಜ್ಯದ ಲೆಕ್ಕವನ್ನೇ ಹಾಕೋಣ. ಭಾರತದ ಸರ್ಕಲ್‌ಗಳಲ್ಲಿ ಮೊದಲು ಪರವಾನಗಿ ಪಡೆದ ಕಂಪನಿಗಳಿಗೆ ಆರಂಭದಲ್ಲಿ ನಿಗದಿಯಾದದ್ದು ಎರಡೂ ದಿಕ್ಕಿಗೆ ತಲಾ 4.4 ಮೆಗಾಹರ್ಟ್ಸ್ ತರಂಗಾಂತರ. ಅವು ಬಳಸಿದ ಜಿಎಸ್‌ಎಂ ವ್ಯವಸ್ಥೆಯಲ್ಲಿ ಒಂದು ವಾಹಕ ತರಂಗಕ್ಕೆ 200 ಕಿಲೋಹರ್ಟ್ಸ್ ಬೇಕು. ಅಂದರೆ 22 ವಾಹಕಗಳು. ಪ್ರತಿ ವಾಹಕವನ್ನು ಎಂಟು ಕಾಲಖಂಡಗಳಾಗಿ ಹಂಚುತ್ತಾರೆ. ಪ್ರತಿ ಖಂಡದ ಅವಧಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಒಟ್ಟು 176 ಖಂಡ, ಖಂಡಕ್ಕೊಂದು ಕರೆ ಎಂದುಕೊಳ್ಳೋಣ. ಅದರಲ್ಲಿ ಸಂಜ್ಞೆಗಳಿಗಾಗಿ ಒಂದಿಷ್ಟು ಕಳೆಯಿರಿ. ಇಡೀ ಕರ್ನಾಟಕಕ್ಕೆ ಒಂದೇ ಗೋಪುರ ಇದ್ದಿದ್ದರೆ ಬೀದರ್‌ನಿಂದ ಚಾಮರಾಜನಗರದವರೆಗೆ ಆ ಕಂಪನಿಯ ಮೂಲಕ ಏಕಕಾಲಕ್ಕೆ 176 ಕರೆಗಳೂ ನಡೆಯುವಂತಿರಲಿಲ್ಲ. ಅದೇ ತರಂಗಗಳನ್ನು ಸಾವಿರಾರು ಗೋಪುರಗಳಲ್ಲಿ ಮತ್ತೆ ಮತ್ತೆ ಬಳಸಿದ್ದರಿಂದಲೇ ಲಕ್ಷಾಂತರ ಜನರ ಕೈಗೆ ಮೊಬೈಲ್ ಬಂತು. ಕಳೆದ ಶತಮಾನದ ಸಂಪರ್ಕ ತಂತ್ರಜ್ಞಾನದಲ್ಲಿ ಇದಕ್ಕಿಂತ ಫಲವತ್ತಾದ ಕಲ್ಪನೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

‘ಸರ್ಕಲ್’ ಪದಕ್ಕೂ ತರಂಗಕ್ಕೂ ಸಂಬಂಧವೇ ಇಲ್ಲ. ಅದು ಅಂಚೆ-ತಂತಿ ಇಲಾಖೆಯ ಕಾಲದ ಆಡಳಿತ ವಿಭಾಗದ ಹೆಸರು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ಬಳಿಕ ಖಾಸಗಿ ಕಂಪನಿಗಳಿಗೆ ಪರವಾನಗಿ ಕೊಡುವಾಗ ನಾಲ್ಕು ಮಹಾನಗರಗಳನ್ನು ಪ್ರತ್ಯೇಕವಾಗಿಟ್ಟು, ಉಳಿದ ದೇಶವನ್ನು ಈ ಹಳೆಯ ವಿಭಾಗಗಳ ಪ್ರಕಾರವೇ ಹಂಚಲಾಯಿತು. 1995ರ ಜುಲೈ 31ರಂದು ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದಾಗ ಈ ನಕ್ಷೆ ಸಿದ್ಧವಾಗಿತ್ತು. ರೋಮಿಂಗ್ ಎಂಬುದಕ್ಕೆ ಭಾರತದಲ್ಲಿ ಬಂದ ಅರ್ಥವನ್ನು ರೂಪಿಸಿದ್ದು ಈ ನಕ್ಷೆಯೇ.

ಎಂಜಿನಿಯರುಗಳ ಮಟ್ಟಿಗೆ ರೋಮಿಂಗ್ ಒಂದು ದಾಖಲೆಯ ಕೆಲಸ. ಪ್ರತಿ ಚಂದಾದಾರರ ವಿವರ ಅವರ ಕಂಪನಿಯ ತವರು ದಾಖಲೆಯಲ್ಲಿರುತ್ತದೆ. ಅವರು ಬೇರೆ ಜಾಲದೊಳಗೆ ಕಾಲಿಟ್ಟ ಕೂಡಲೇ ಅಲ್ಲಿನ ಅತಿಥಿ ದಾಖಲೆ ತವರನ್ನು ವಿಚಾರಿಸಿ, ‘ಇವರು ಈಗ ನಮ್ಮಲ್ಲಿದ್ದಾರೆ’ ಎಂದು ತಿಳಿಸುತ್ತದೆ. ಆಮೇಲೆ ಬರುವ ಕರೆ ಮೊದಲು ತವರಿಗೆ ಹೋಗಿ, ಅಲ್ಲಿಂದ ದೂರದ ಲೈನಿನಲ್ಲಿ ಅತಿಥಿ ಜಾಲಕ್ಕೆ ತಿರುಗುತ್ತದೆ. ಆ ದೂರದ ಲೈನಿಗೆ ಒಂದಿಷ್ಟು ಖರ್ಚಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೀದರ್‌ನ ಗ್ರಾಹಕರು ಮೈಸೂರಿಗೆ ಬಂದಾಗಲೂ ಕರೆ ದೂರ ಸಾಗಬೇಕಿತ್ತು. ಆಗ ಬೀಳದ ದರ ಕೇರಳದ ಗಡಿಯ ತಲಪಾಡಿಯಲ್ಲಿ ಏಕೆ ಬೀಳುತ್ತಿತ್ತು?

ಈ ಪ್ರಶ್ನೆಯನ್ನು ಹೆಚ್ಚು ಅನುಭವಿಸಿದವರು ಗಡಿನಾಡಿನ ಕನ್ನಡಿಗರು. ಕಾಸರಗೋಡಿನವರಿಗೆ ಕಾಲೇಜು, ಆಸ್ಪತ್ರೆ, ವ್ಯಾಪಾರ ಎಂದು ಮಂಗಳೂರಿನ ದಾರಿ ದಿನನಿತ್ಯದ್ದು. ಜಿಎಸ್‌ಎಂನ ಕಾಲಗಣನೆಯ ಪ್ರಕಾರ ಒಂದು ಸೆಲ್ 35 ಕಿಲೋಮೀಟರಿನವರೆಗೆ ಚಾಚಬಹುದು. ತರಂಗಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಹಾಗಾಗಿ ಗಡಿಯಂಚಿನ ಹಳ್ಳಿಗಳಲ್ಲಿ ಮನೆಯ ಜಗುಲಿಯಲ್ಲೇ ಕುಳಿತಿದ್ದರೂ ಫೋನ್ ಆಚೆ ರಾಜ್ಯದ ಗೋಪುರಕ್ಕೆ ಅಂಟಿಕೊಳ್ಳುವುದಿತ್ತು. 2003ರ ಮೇ 1ರಿಂದ ಕರೆ ಮಾಡಿದವರೇ ಹಣ ತೆರುವ ಪದ್ಧತಿ ಬಂದು ಸ್ವಂತ ಸರ್ಕಲ್‌ನಲ್ಲಿ ಒಳಬರುವ ಕರೆ ಉಚಿತವಾದ ಮೇಲಂತೂ ಈ ತಾರತಮ್ಯ ಎದ್ದು ಕಂಡಿತು.

ಮುಂದಿನ ದರಗಳೇ ಕಥೆ ಹೇಳುತ್ತವೆ. ರೋಮಿಂಗ್‌ನಲ್ಲಿ ಒಳಬರುವ ಕರೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2007ರಲ್ಲಿ ವಿಧಿಸಿದ ಗರಿಷ್ಠ ಮಿತಿ 1 ರೂಪಾಯಿ 75 ಪೈಸೆ, 2013ರಲ್ಲಿ 75 ಪೈಸೆ, 2015ರಲ್ಲಿ 45 ಪೈಸೆ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ಅದನ್ನು ಪೂರ್ತಿ ಕೈಬಿಟ್ಟಿತು. ಮರುವರ್ಷ ಜಿಯೋ ಪ್ರವೇಶವಾಯಿತು. 2017ರ ಏಪ್ರಿಲ್‌ನಲ್ಲಿ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ದರ ತೆಗೆದುಹಾಕಿತು. ಈ ಹತ್ತು ವರ್ಷಗಳಲ್ಲಿ ತವರು ದಾಖಲೆ, ಅತಿಥಿ ದಾಖಲೆಗಳ ತತ್ವ ಇದ್ದಲ್ಲೇ ಇತ್ತು. ಬದಲಾದದ್ದು ನೀತಿ ಮತ್ತು ಪೈಪೋಟಿ.

ಮಾನಕ ಸಮಿತಿಯ ತೀರ್ಮಾನಕ್ಕೆ ಎಸ್‌ಎಂಎಸ್ ಒಳ್ಳೆಯ ನಿದರ್ಶನ. 160 ಅಕ್ಷರ ಸಾಕು ಎಂಬ ನಿರ್ಣಯಕ್ಕೆ ಜಿಎಸ್‌ಎಂ ಸಮಿತಿಯಲ್ಲಿದ್ದ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರಲ್ಲಿ ಬಂದದ್ದು ಬೆರಳಚ್ಚು ಯಂತ್ರದಲ್ಲಿ ಸಾಮಾನ್ಯ ವಾಕ್ಯಗಳನ್ನು ಬರೆದು ಅಕ್ಷರ ಎಣಿಸಿ. ಸಂದೇಶಕ್ಕಿರುವ ಜಾಗ 140 ಬೈಟ್. ಏಳು ಬಿಟ್‌ಗೊಂದು ಲ್ಯಾಟಿನ್ ಅಕ್ಷರದಂತೆ 160 ಅಕ್ಷರ ಹಿಡಿಸುತ್ತದೆ. ಕನ್ನಡಕ್ಕೆ ಒಂದೊಂದು ಸಂಕೇತಕ್ಕೂ 16 ಬಿಟ್ ಬೇಕಾದ್ದರಿಂದ ಮಿತಿ 70ಕ್ಕೆ ಇಳಿಯಿತು. ಅದೂ 70 ಅಕ್ಷರವಲ್ಲ, 70 ಸಂಕೇತ. ‘ಸ್ತ್ರೀ’ ಎಂದು ಬರೆದರೆ ಆರು ಸಂಕೇತ ಖರ್ಚು: ಮೂರು ವ್ಯಂಜನ, ಎರಡು ಹಲಂತ ಚಿಹ್ನೆ, ಒಂದು ದೀರ್ಘ ಸ್ವರ. ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ರೂಢಿ ಊರಿಕೊಳ್ಳಲು ಕೀಲಿಗಳ ಕೊರತೆಯ ಜೊತೆಗೆ ಈ ದುಬಾರಿ ಲೆಕ್ಕವೂ ಕಾರಣವೆಂದು ನಾನು ಭಾವಿಸುತ್ತೇನೆ. ಆಮೇಲೆ ಬಂದ ಮಾನಕದ ಆವೃತ್ತಿಯಲ್ಲಿ ಕನ್ನಡಕ್ಕೂ ಏಳು ಬಿಟ್‌ನ ಕೋಷ್ಟಕ ಸೇರಿತು. ಅದನ್ನು ಬಳಸಿದರೆ ಒಂದು ಸಂದೇಶದಲ್ಲಿ 150ಕ್ಕೂ ಹೆಚ್ಚು ಸಂಕೇತ ಹಿಡಿಯುತ್ತವೆ. ನಮ್ಮ ಭಾಷೆಗಿದ್ದ 70ರ ಮಿತಿ ಪ್ರಕೃತಿಯದಲ್ಲ, ಸಮಿತಿಯ ಆದ್ಯತೆಯದು ಎಂಬುದಕ್ಕೆ ಬೇರೆ ಪುರಾವೆ ಬೇಡ.

‘ಜಿ’ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ನಾಲ್ಕನೇ ಪೀಳಿಗೆಗೆ ಕಟ್ಟುನಿಟ್ಟಾದ ವೇಗ ಗೊತ್ತುಪಡಿಸಿತ್ತು: ನಿಂತಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್, ಚಲನೆಯಲ್ಲಿ ನೂರು ಮೆಗಾಬಿಟ್. ಆಗಿನ ಎಲ್‌ಟಿಇ ಎಂಬ ತಂತ್ರಜ್ಞಾನ ಆ ವೇಗವನ್ನು ಮುಟ್ಟುತ್ತಿರಲಿಲ್ಲ. ಆದರೂ ಕಂಪನಿಗಳು ಅದನ್ನು 4ಜಿ ಎಂದೇ ಮಾರಿದವು. 2010ರ ಡಿಸೆಂಬರ್‌ನಲ್ಲಿ ಒಕ್ಕೂಟವೂ ಆ ಬಳಕೆಗೆ ಒಪ್ಪಿತು. ಭಾರತದಲ್ಲಿ 2022ರ ಅಕ್ಟೋಬರ್ 1ರಂದು 5ಜಿ ಉದ್ಘಾಟನೆಯಾದಾಗ ಜಿಯೋ ಸ್ವತಂತ್ರ 5ಜಿ ಜಾಲವನ್ನೂ, ಏರ್‌ಟೆಲ್ 4ಜಿ ಜಾಲದ ಆಸರೆಯ 5ಜಿಯನ್ನೂ ಆರಿಸಿಕೊಂಡವು. ಫೋನಿನ ಪರದೆ ಎರಡಕ್ಕೂ ಒಂದೇ ಹೆಸರು ತೋರಿಸಿತು.

ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ನಂಬುವುದು ಇನ್ನೂ ಕಷ್ಟ. ಎಷ್ಟು ಶಕ್ತಿಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಪಾಲಿಸುವ ಮಾನಕವಿಲ್ಲ. ತಯಾರಕರು ತಮಗೆ ತೋಚಿದಂತೆ ನಿಗದಿ ಮಾಡುತ್ತಾರೆ. ತಾನು ಬಳಸುತ್ತಿದ್ದ ಸೂತ್ರ ಇರಬೇಕಾದ್ದಕ್ಕಿಂತ ಹೆಚ್ಚು ಕಡ್ಡಿ ತೋರಿಸುತ್ತಿತ್ತು ಎಂದು 2010ರ ಜುಲೈನಲ್ಲಿ ಆ್ಯಪಲ್ ಕಂಪನಿಯೇ ಪ್ರಕಟಿಸಿತು. ನಿಜವಾದ ಅಳತೆ ಡಿಬಿಎಂ. ಅದು ಋಣ ಸಂಖ್ಯೆಯಲ್ಲಿರುತ್ತದೆ. 4ಜಿಯಲ್ಲಿ −80ರ ಆಸುಪಾಸಿದ್ದರೆ ಚೆನ್ನಾಗಿದೆ, −110ಕ್ಕಿಂತ ಕೆಳಗಿಳಿದರೆ ದುರ್ಬಲ. ಹತ್ತು ಅಂಕ ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಇಪ್ಪತ್ತು ಇಳಿದರೆ ನೂರರಲ್ಲಿ ಒಂದು ಪಾಲು.

ಅನೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ಫೋನಿನ ಮಾಹಿತಿಯೊಳಗಿನ ಸಿಮ್ ಸ್ಥಿತಿಯಲ್ಲಿ ಈ ಅಂಕ ಸಿಗುತ್ತದೆ. ನಿಮ್ಮ ಊರಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಕಂಪನಿಗೆ ದೂರು ಬರೆಯುವಾಗ ಕಡ್ಡಿ ಎಷ್ಟೆಂದು ಹೇಳಬೇಡಿ. ಸ್ಥಳ, ಸಮಯ, ಡಿಬಿಎಂ ಮೂರನ್ನೂ ನಮೂದಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ.